ಮುಖ ನಮ್ಮದು, ಫ್ಲೆಕ್ಸು ಅವರದು

ಸಿಇಟಿ, ನೀಟ್ ಫಲಿತಾಂಶ ಬಂದ ಮರುದಿನ ದಿನಪತ್ರಿಕೆಯ ಮೊದಲ ಪುಟದಲ್ಲಿ ಸುದ್ದಿಗೆ ಜಾಗವಿರುವುದಿಲ್ಲ. ಪುಟ ತುಂಬ ಪಾಸ್‌ಪೋರ್ಟ್ ಅಳತೆಯ ಮುಖಗಳು, ಪ್ರತಿ ಮುಖದ ಕೆಳಗೆ ಹೆಸರು, ರ್‍ಯಾಂಕು. ಪುಟ ತಿರುವಿದರೆ ಅದೇ ಹುಡುಗಿ ಇನ್ನೊಂದು ಸಂಸ್ಥೆಯ ಜಾಹೀರಾತಿನಲ್ಲೂ ನಗುತ್ತಿರುತ್ತಾಳೆ. ಒಂದು ಕಡೆ ಅವಳು ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಓದಿದವಳು; ಇನ್ನೊಂದು ಕಡೆ ಕೊನೆಯ ತಿಂಗಳು ಮಾದರಿ ಪರೀಕ್ಷೆ ಬರೆದು ಹೋದವಳು. ಈ ವ್ಯತ್ಯಾಸವನ್ನು ಜಾಹೀರಾತು ಹೇಳುವುದಿಲ್ಲ. ಮೊದಲ ದಿನ ಮನೆಯವರಿಗೂ ಖುಷಿಯೇ, ನೆಂಟರಿಗೆಲ್ಲ ವಾಟ್ಸ್‌ಆ್ಯಪ್ ಮಾಡುತ್ತಾರೆ. ಎರಡು ವರ್ಷ ಕಳೆದ ಮೇಲೂ ಬಸ್‌ಸ್ಟ್ಯಾಂಡಿನ ಎದುರು ಬಿಸಿಲಿಗೆ ಬಣ್ಣ ಬಿಟ್ಟ ಫ್ಲೆಕ್ಸಿನಲ್ಲಿ ಮಗಳು ಹಾಗೇ ನಿಂತಿರುವುದು ಕಂಡಾಗ ಪ್ರಶ್ನೆ ಏಳುತ್ತದೆ: ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ಬ್ಯೂಟಿಪಾರ್ಲರಿನ ‘ಮೊದಲು–ನಂತರ’ ಜೋಡಿ ಚಿತ್ರ, ಹಲ್ಲಿನ ಕ್ಲಿನಿಕ್ಕಿನ ಇನ್‌ಸ್ಟಾಗ್ರಾಂ ಪುಟ, ಹೊಸ ಗಿರಾಕಿ ಹಿಡಿಯಲು ಮದುವೆ ಫೋಟೊಗ್ರಾಫರ್ ಹಾಕುವ ರೀಲು, ಕೆಲಸ ಬಿಟ್ಟು ವರ್ಷವಾದರೂ ಹಳೆಯ ಕಂಪನಿಯ ಜಾಲತಾಣದಲ್ಲಿ ಉಳಿದ ನಗುಮುಖ, ಎಲ್ಲವೂ ಇದೇ ಬಗೆಯವು. ಇವುಗಳ ಬಗ್ಗೆ ಕಾನೂನಿನಲ್ಲಿ ಉತ್ತರ ಇದೆಯೇ ಎಂದರೆ, ಇದೆ. ಆದರೆ ಒಂದೇ ಪುಸ್ತಕದಲ್ಲಿಲ್ಲ. ಭಾರತದಲ್ಲಿ ‘ವ್ಯಕ್ತಿತ್ವದ ಹಕ್ಕುಗಳ ಕಾಯ್ದೆ’ ಎಂಬುದೊಂದು ಇಲ್ಲ. ನ್ಯಾಯಾಲಯಗಳು ಖಾಸಗಿತನದ ಹಕ್ಕಿನಿಂದ ಒಂದು ತುಂಡು, ಟ್ರೇಡ್‌ಮಾರ್ಕ್ ಕಾಯ್ದೆಯಿಂದ ಒಂದು, ಹಕ್ಕುಸ್ವಾಮ್ಯ ಕಾಯ್ದೆಯಿಂದ ಇನ್ನೊಂದು ತೆಗೆದು ಕೌದಿ ಹೊಲಿದ ಹಾಗೆ ಹೊಲಿದಿವೆ. ಆದ್ದರಿಂದ ಯಾವ ಸಂದರ್ಭಕ್ಕೆ ಯಾವ ತುಂಡು ಒದಗುತ್ತದೆ ಎಂದು ಗೊತ್ತಿರುವವರಿಗೆ ಮಾತ್ರ ಇದು ಹೊದಿಕೆ.

ಮೊದಲು ಎಲ್ಲರೂ ತಪ್ಪಾಗಿ ತಿಳಿದಿರುವ ಒಂದು ವಿಷಯ. ಫೋಟೊದ ಮೇಲಿನ ಹಕ್ಕು ಬೇರೆ, ಫೋಟೊದಲ್ಲಿರುವ ಮುಖದ ಮೇಲಿನ ಹಕ್ಕು ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಎಂದರೆ ಅದನ್ನು ತೆಗೆದವರು. ಸಾಮಾನ್ಯವಾಗಿ ಹಕ್ಕೂ ಅವರದೇ. ಆದರೆ ಅದೇ ಕಾಯ್ದೆಯ 17ನೇ ಕಲಮಿನಲ್ಲಿ ಬಹಳ ಜನ ಓದದ ಒಂದು ವಿನಾಯಿತಿ ಇದೆ. ನೀವು ಹೇಳಿ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಒಡೆಯರು ನೀವೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಸ್ಟುಡಿಯೋದಲ್ಲಿ ತೆಗೆಸಿದ ಕುಟುಂಬದ ಚಿತ್ರ, ಮುಂಗಡ ಕೊಟ್ಟು ಕರೆಸಿದ ಮದುವೆ ಫೋಟೊಗ್ರಾಫರ್ ತೆಗೆದ ಸಾವಿರಾರು ಚಿತ್ರ, ಎಲ್ಲವೂ ಈ ಸಾಲಿನೊಳಗೆ ಬರುತ್ತವೆ. ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತಿನಲ್ಲೇ ಚಾಲಾಕಿ ಇರುವುದು. ಮದುವೆ ಫೋಟೊಗ್ರಾಫರ್ ಕೊಡುವ ಕೊಟೇಶನ್ನಿನ ಕೊನೆಯ ಪುಟದಲ್ಲಿ, ಮುಂಗಡ ವಾಪಸಿಲ್ಲ ಎಂಬ ಸಾಲಿನ ಆಸುಪಾಸಿನಲ್ಲಿ, ಚಿತ್ರಗಳನ್ನು ತಮ್ಮ ಪ್ರಚಾರಕ್ಕೆ ಬಳಸಬಹುದು ಎಂಬ ಸಾಲೂ ಇರಬಹುದು. ಸಹಿ ಹಾಕಿದರೆ ಅದೇ ‘ಬೇರೆ ಒಪ್ಪಂದ’. ಮದುವೆ ಗಡಿಬಿಡಿಯಲ್ಲಿ ಅದನ್ನು ಓದುವ ವ್ಯವಧಾನ ಯಾರಿಗಿರುತ್ತದೆ!

ಬೀದಿಯಲ್ಲಿ, ಜಾತ್ರೆಯಲ್ಲಿ ಯಾರೋ ತಮ್ಮ ಪಾಡಿಗೆ ತೆಗೆದ ಚಿತ್ರದ ಹಕ್ಕುಸ್ವಾಮ್ಯ ತೆಗೆದವರದೇ. ಹಾಗಂತ ಅದನ್ನು ಎಣ್ಣೆ ಡಬ್ಬದ ಮೇಲೆ ಅಚ್ಚು ಹಾಕಿಸುವ ಹಕ್ಕು ಅವರಿಗೆ ಬರುವುದಿಲ್ಲ. ಅಲ್ಲಿಂದ ಮುಖದ ಹಕ್ಕು ಶುರುವಾಗುತ್ತದೆ.

ಇದರ ಹಳೆಯ ಕಥೆ ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಒಂದು ಹಿಟ್ಟಿನ ಕಂಪನಿಗಾಗಿ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಚಿತ್ರವನ್ನು ಅವಳನ್ನು ಕೇಳದೆಯೇ 25,000 ಪೋಸ್ಟರುಗಳಲ್ಲಿ ಅಚ್ಚು ಹಾಕಿದ್ದರು. ಅವಳು ನಟಿಯಲ್ಲ, ಊರಿನ ಸಾಮಾನ್ಯ ಹುಡುಗಿ. 1902ರಲ್ಲಿ ಆ ರಾಜ್ಯದ ಉನ್ನತ ನ್ಯಾಯಾಲಯ, ಇಂಥ ಹಕ್ಕು ಕಾನೂನಿನಲ್ಲಿ ಇಲ್ಲ ಎಂದು ಅವಳ ದಾವೆಯನ್ನು ತಳ್ಳಿಹಾಕಿತು. ಜನ ಸಿಟ್ಟಾದರು. ಮರುವರ್ಷವೇ ಅಲ್ಲಿನ ಶಾಸನಸಭೆ, ಲಿಖಿತ ಒಪ್ಪಿಗೆ ಇಲ್ಲದೆ ಯಾರದೇ ಹೆಸರು, ಚಿತ್ರವನ್ನು ಜಾಹೀರಾತಿಗೆ ಬಳಸಬಾರದು ಎಂದು ಕಾನೂನು ಮಾಡಿತು. ಸಿನಿಮಾ ತಾರೆಯರ ಹಕ್ಕು ಎಂದು ಇಂದು ನಾವು ಅಂದುಕೊಂಡಿರುವುದು ಮೊದಲು ಕಾನೂನಿನ ಪುಸ್ತಕ ಸೇರಿದ್ದು ಯಾರೂ ಅರಿಯದ ಹುಡುಗಿಯೊಬ್ಬಳ ಕಾರಣಕ್ಕೆ.

ನಮ್ಮಲ್ಲೂ ಬುಡ ಇರುವುದು ತಾರೆಯರ ಲೋಕದಲ್ಲಲ್ಲ, ಜೈಲಿನಲ್ಲಿ. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯನ್ನು ತಮಿಳಿನ ‘ನಕ್ಕೀರನ್’ ಪತ್ರಿಕೆ ಪ್ರಕಟಿಸಲು ಹೊರಟಾಗ ಎದ್ದ ವ್ಯಾಜ್ಯದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಆರ್. ರಾಜಗೋಪಾಲ್ ಪ್ರಕರಣದ ತೀರ್ಪು ಕೊಟ್ಟಿತು. ಪತ್ರಿಕೆಯೇ ಗೆದ್ದಿತು: ಸಾರ್ವಜನಿಕ ದಾಖಲೆಗಳಲ್ಲಿ ಇರುವಷ್ಟನ್ನು ಒಪ್ಪಿಗೆಯಿಲ್ಲದೆಯೂ ಬರೆಯಬಹುದು. ಹೀಗೆ ಹೇಳುತ್ತಲೇ ಕೋರ್ಟು ಇನ್ನೊಂದು ಮಾತನ್ನೂ ಸೇರಿಸಿತು. ಒಬ್ಬರ ಹೆಸರನ್ನೋ ಚಹರೆಯನ್ನೋ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸಿದರೆ ಅದು ಖಾಸಗಿತನದ ಉಲ್ಲಂಘನೆ, ಹೊಗಳಿ ಬಳಸಿದರೂ ಅಷ್ಟೇ. ‘ನಿಮ್ಮನ್ನು ಚೆನ್ನಾಗಿಯೇ ತೋರಿಸಿದ್ದೇವಲ್ಲ’ ಎಂಬ ವಾದ ಅಂದಿಗೇ ಬಿದ್ದುಹೋಯಿತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿದ ಪ್ರಕರಣಕ್ಕೆ ನಮ್ಮವರದೇ ಹೆಸರಿದೆ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ಅಭಿಪ್ರಾಯ ಬರೆಯುತ್ತ, ತನ್ನ ಗುರುತನ್ನು ವ್ಯಾಪಾರಕ್ಕೆ ಬಳಸುವುದರ ಮೇಲಿನ ಹಿಡಿತ ಪ್ರತಿ ವ್ಯಕ್ತಿಗೂ ಇರಬೇಕು ಎಂದರು. ಅವರು ಖ್ಯಾತರಿಗೆ ಎಂದು ಬರೆಯಲಿಲ್ಲ. ಆದರೆ ಮೂಲಭೂತ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಕೇಳಬಹುದು. ಪಕ್ಕದ ಬೀದಿಯ ಅಂಗಡಿಯ ಮೇಲೆ ಹೋಗುವಾಗ ಅದೇ ಹಕ್ಕಿನ ಸಿವಿಲ್ ರೂಪ ಹಿಡಿಯಬೇಕು. ವಕೀಲರು ಹೇಳಲು ಮರೆಯುವ ವಿವರ ಇದು, ಗಿರಾಕಿ ಕೇಳದೆ ಬಿಡುವ ವಿವರವೂ ಹೌದು.

ವಾಣಿಜ್ಯ ಬಳಕೆ ಎಂದರೇನು ಎಂಬುದಕ್ಕೆ ಒಳ್ಳೆಯ ಉದಾಹರಣೆ ಮುಜಫ್ಫರನಗರದ ಒಂದು ಹೋರ್ಡಿಂಗು. ಬೆಂಗಳೂರಿನ ಟೈಟಾನ್ ಕಂಪನಿ ತನ್ನ ತನಿಷ್ಕ್ ವಜ್ರಾಭರಣಗಳಿಗೆ ಅಮಿತಾಭ್ ಮತ್ತು ಜಯಾ ಬಚ್ಚನ್ ದಂಪತಿಯನ್ನು ಇಟ್ಟು ಜಾಹೀರಾತು ಮಾಡಿಸಿತ್ತು. ಅದೇ ಚಿತ್ರ, ಅದೇ ಭಂಗಿಯ ಹೋರ್ಡಿಂಗ್ ಅಲ್ಲಿನ ರಾಮ್‌ಕುಮಾರ್ ಜ್ಯುವೆಲರ್ಸ್ ಹೆಸರಿನಲ್ಲಿ ಎದ್ದು ನಿಂತಿತು. 2012ರಲ್ಲಿ ದೆಹಲಿ ಹೈಕೋರ್ಟ್ ಇಲ್ಲಿ ಎರಡು ಉಲ್ಲಂಘನೆ ಕಂಡಿತು. ಜಾಹೀರಾತಿನ ಹಕ್ಕುಸ್ವಾಮ್ಯ ಟೈಟಾನಿನದು, ಅದು ಒಂದು. ಮುಖಗಳು ಬಚ್ಚನ್ ದಂಪತಿಯವು, ಅದು ಇನ್ನೊಂದು. ಆಗ ಕೋರ್ಟು ಇಟ್ಟ ಅಳತೆಗೋಲನ್ನೇ ಇವತ್ತಿಗೂ ವಕೀಲರು ಎತ್ತಿ ಹೇಳುತ್ತಾರೆ: ಆ ವ್ಯಕ್ತಿಗೆ ತನ್ನ ಗುರುತಿನ ಮೇಲೆ ಜಾರಿ ಮಾಡಬಲ್ಲ ಹಕ್ಕು ಇರಬೇಕು, ಬಳಸಿದ್ದು ಅವರನ್ನೇ ಎಂದು ನೋಡಿದವರಿಗೆ ಗೊತ್ತಾಗಬೇಕು. ಇಷ್ಟಿದ್ದರೆ, ಜನ ಮೋಸಹೋದರು ಎಂದು ಬೇರೆಯಾಗಿ ಸಾಬೀತು ಮಾಡುವ ಹೊರೆ ಇಲ್ಲ.

ಮುಖವೇ ಇರಬೇಕೆಂದೂ ಇಲ್ಲ. ಹಾಡುಗಾರ ದಲೇರ್ ಮೆಹಂದಿಯ ಹಾಗೆ ಉಡುಪು ತೊಟ್ಟು ಹಾಡುವ ಗೊಂಬೆಗಳನ್ನು ಮಾರುತ್ತಿದ್ದ ಅಂಗಡಿಗಳ ವಿರುದ್ಧ 2010ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅವರ ಕಂಪನಿ ಗೆದ್ದಿತು. ಸಿಕ್ಕ ಪರಿಹಾರ 1 ಲಕ್ಷ ರೂಪಾಯಿ. ಈ ಅಂಕಿ ನೆನಪಿರಲಿ. ನಮ್ಮಲ್ಲಿ ಈ ಬಗೆಯ ದಾವೆಯ ಫಲ ತಡೆಯಾಜ್ಞೆ, ದುಡ್ಡಲ್ಲ. ಕೋಟಿ ಕೇಳಿ ನೋಟಿಸ್ ಕೊಡುವುದು ಸುಲಭ, ಕೋಟಿ ವಸೂಲಾದದ್ದು ಅಪರೂಪ.

ರಜನೀಕಾಂತ್ ಪ್ರಕರಣದ ಕಡತದಲ್ಲಿ ಅರ್ಜಿದಾರರ ಹೆಸರು ಶಿವಾಜಿ ರಾವ್ ಗಾಯಕ್ವಾಡ್, ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಾಲದ ಹೆಸರು. ‘ಮೈ ಹೂಂ ರಜನೀಕಾಂತ್’ ಎಂಬ ಹಿಂದಿ ಚಿತ್ರ ತಮ್ಮ ಹೆಸರು, ಹಾವಭಾವ, ಮಾತಿನ ಧಾಟಿಯನ್ನು ಬಳಸಿಕೊಂಡಿದೆ ಎಂದು ಅವರು ಮದ್ರಾಸ್ ಹೈಕೋರ್ಟಿಗೆ ಹೋದರು. ಇದು ಜೀವನಚರಿತ್ರೆಯೇ ಅಲ್ಲ ಎಂದು ನಿರ್ಮಾಪಕರು ವಾದಿಸಿದರು. ನೋಡಿದವರಿಗೆ ಯಾರೆಂದು ತಿಳಿಯುತ್ತದಲ್ಲ, ಅಷ್ಟು ಸಾಕು ಎಂದಿತು ಕೋರ್ಟು, 2015ರಲ್ಲಿ. ಚಿತ್ರ ಕೊನೆಗೆ ಹೆಸರು ಬದಲಿಸಿಕೊಂಡು ‘ಮೈ ಹೂಂ ಪಾರ್ಟ್-ಟೈಮ್ ಕಿಲ್ಲರ್’ ಆಗಿ ತೆರೆಗೆ ಬಂತು.

ಅಭಿನಂದನೆಯ ಜಾಹೀರಾತು ಇನ್ನೊಂದು ಜಾಣ ದಾರಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಿ.ವಿ. ಸಿಂಧು ಕಂಚು ಗೆದ್ದಾಗ, ಅವರ ಪ್ರಾಯೋಜಕರೇ ಅಲ್ಲದ ಹಲವು ಕಂಪನಿಗಳು ಅವರ ಚಿತ್ರದ ಪಕ್ಕ ತಮ್ಮ ಲೋಗೊ ಅಂಟಿಸಿ ಶುಭಾಶಯ ಕೋರಿದವು. ಅವರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ಇದನ್ನು ಅಕ್ರಮ ಬಳಕೆ ಎಂದೇ ಕರೆದು ಕಾನೂನು ಕ್ರಮಕ್ಕೆ ಮುಂದಾಯಿತು. ನಮ್ಮೂರಿನ ಬಟ್ಟೆ ಅಂಗಡಿ ಕ್ರಿಕೆಟಿಗನಿಗೆ ‘ಹಾರ್ದಿಕ ಅಭಿನಂದನೆ’ ಹೇಳುತ್ತ ಆಷಾಢ ರಿಯಾಯಿತಿಯನ್ನೂ ಪಕ್ಕದಲ್ಲೇ ಬರೆಯುತ್ತದಲ್ಲ, ಅದೂ ಇದೇ ಸಾಲಿನದು. ಅಭಿನಂದನೆಗೆ ಫೋನ್ ನಂಬರು, ದರಪಟ್ಟಿ ಬೇಕಿಲ್ಲ.

ಹಾಗಾದರೆ ಯಾರ ಹೆಸರನ್ನೂ ಎತ್ತುವಂತಿಲ್ಲವೇ? ಇಲ್ಲಿ ಕಾನೂನು ಸರಿಯಾದ ಜಾಗದಲ್ಲೇ ನಿಂತಿದೆ ಎಂದು ನನಗನ್ನಿಸುತ್ತದೆ, ಕೆಲವೊಮ್ಮೆ ಅತ್ತಿತ್ತ ವಾಲಿದರೂ. ಸುದ್ದಿ, ವಿಮರ್ಶೆ, ವ್ಯಂಗ್ಯಚಿತ್ರ, ಅಣಕು, ಸಂಶೋಧನೆ, ಕಲೆ ಇವಕ್ಕೆ ಒಪ್ಪಿಗೆ ಬೇಕಿಲ್ಲ. ದಲೇರ್ ಮೆಹಂದಿ ತೀರ್ಪೇ ಈ ಎಚ್ಚರಿಕೆ ಕೊಟ್ಟಿತ್ತು. 2023ರಲ್ಲಿ ಕ್ರಿಕೆಟಿಗರ ಡಿಜಿಟಲ್ ಕಾರ್ಡುಗಳ ವ್ಯಾಜ್ಯ ಬಂತು. ಆಟಗಾರರೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಕಂಪನಿ, ಒಪ್ಪಂದವಿಲ್ಲದೆ ಅವರ ಹೆಸರು ಮತ್ತು ಬಿಡಿಸಿದ ಚಿತ್ರ ಬಳಸುತ್ತಿದ್ದ ಆನ್‌ಲೈನ್ ಆಟಗಳ ಎಂಪಿಎಲ್ ಬಳಗದ ವಿರುದ್ಧ ತಡೆಯಾಜ್ಞೆ ಕೇಳಿತು. ದೆಹಲಿ ಹೈಕೋರ್ಟ್ ಮಧ್ಯಂತರ ತಡೆ ಕೊಡಲಿಲ್ಲ. ಎಲ್ಲರಿಗೂ ತಿಳಿದಿರುವ ಆಟದ ಮಾಹಿತಿಯನ್ನು ಬಳಸುವುದನ್ನು ಈ ಹಕ್ಕಿನಿಂದ ಕಟ್ಟಿಹಾಕಲಾಗದು, ತನ್ನ ಗುರುತಿನ ವಾಣಿಜ್ಯ ಬಳಕೆಯ ಮೇಲಿನ ಈ ‘ಪ್ರಚಾರದ ಹಕ್ಕು’ ವಾಕ್ ಸ್ವಾತಂತ್ರ್ಯಕ್ಕಿಂತ ಮೇಲಲ್ಲ ಎಂಬುದು ಅದರ ನಿಲುವು. 2024ರಲ್ಲಿ ಜಾಕಿ ಶ್ರಾಫ್ ತಮ್ಮ ಹೆಸರು, ದನಿ, ‘ಭಿಡು’ ಎಂಬ ಪದದ ದುರ್ಬಳಕೆಯ ವಿರುದ್ಧ ಆದೇಶ ಪಡೆದರೂ, ಅವರ ಸಂದರ್ಶನದ ತುಣುಕುಗಳನ್ನು ತಮಾಷೆಯಾಗಿ ಜೋಡಿಸಿದ್ದ ಒಂದು ಯೂಟ್ಯೂಬ್ ವಿಡಿಯೊವನ್ನು ತಕ್ಷಣ ತೆಗೆಸಲು ಕೋರ್ಟು ಒಪ್ಪಲಿಲ್ಲ. ಒಳ್ಳೆಯದೇ ಆಯಿತು. ತಾರೆಯರ ಅರ್ಜಿಗಳು ಎದುರುಪಕ್ಷದ ಮಾತು ಕೇಳುವ ಮೊದಲೇ ತೀರ್ಮಾನವಾಗುವುದು ಹೆಚ್ಚು. ಅಣಕು ಮಾಡುವ ಹುಡುಗರು ವಕೀಲರನ್ನು ಇಡುವಷ್ಟರಲ್ಲಿ ವಿಡಿಯೊ ಮಾಯವಾಗಿರುತ್ತದೆ.

ಒಂದೇ ಹೆಸರಿನ ಇಬ್ಬರಿದ್ದರೆ? ದೆಹಲಿಯಲ್ಲಿ ಗೌತಮ್ ಗಂಭೀರ್ ಎಂಬುವರು ತಮ್ಮ ರೆಸ್ಟೋರೆಂಟುಗಳ ಬೋರ್ಡಿನಲ್ಲಿ ‘ಬೈ ಗೌತಮ್ ಗಂಭೀರ್’ ಎಂದು ಹಾಕಿಕೊಂಡಿದ್ದರು. ಕ್ರಿಕೆಟಿಗ ಗಂಭೀರ್ ಕೋರ್ಟಿಗೆ ಹೋಗಿ 2017ರಲ್ಲಿ ಸೋತರು. ಮಾಲೀಕನದೂ ಅದೇ ಹೆಸರು, ಆತ ಕ್ರಿಕೆಟಿಗನ ಚಿತ್ರವನ್ನು ಎಲ್ಲೂ ಹಾಕಿರಲಿಲ್ಲ. ತನ್ನ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವುದನ್ನು ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಕಲಮು ಕಾಯುತ್ತದೆ.

ತೀರಿಕೊಂಡವರ ವಿಷಯ ನಮ್ಮ ನಾಡಿಗೆ ಹತ್ತಿರದ್ದು. ಅಪ್ಪು ಎಂದೇ ಕರೆಯುವ ನಟ ಪುನೀತ್ ರಾಜ್‌ಕುಮಾರ್ ಚಿತ್ರವಿಲ್ಲದ ಆಟೊಸ್ಟ್ಯಾಂಡು, ಹೋಟೆಲು ಹುಡುಕುವುದು ಕಷ್ಟ. ಅಭಿಮಾನದಿಂದ ಹಾಕಿದ್ದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಆ ಚಿತ್ರವನ್ನೇ ಪೊಟ್ಟಣದ ಮೇಲೆ ಹಾಕಿ ಬ್ರ್ಯಾಂಡ್ ಮಾಡಿದರೆ? ನಟ ಸುಶಾಂತ್ ಸಿಂಗ್ ರಜಪೂತ್ ತಂದೆ ಹೂಡಿದ ದಾವೆಯಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್, ಖಾಸಗಿತನ ಮತ್ತು ಪ್ರಚಾರದ ಹಕ್ಕು ಆ ವ್ಯಕ್ತಿಯೊಂದಿಗೇ ಮುಗಿಯಿತು, ವಾರಸುದಾರರಿಗೆ ಇಳಿಯಲಿಲ್ಲ ಎಂದಿತು. ಜಯಲಲಿತಾ ಕುರಿತ ಸಿನಿಮಾದ ವಿರುದ್ಧ ಅವರ ಸೋದರ ಸೊಸೆ ಹೋದಾಗ ಮದ್ರಾಸ್ ಹೈಕೋರ್ಟ್ ತಳೆದ ನಿಲುವೂ ಇದೇ. ಆದರೆ ಟ್ರೇಡ್‌ಮಾರ್ಕ್ ಕಾಯ್ದೆಯ 14ನೇ ಕಲಮಿನಲ್ಲಿ ಒಂದು ಕಿಂಡಿ ಉಳಿದಿದೆ. ತೀರಿಕೊಂಡು 20 ವರ್ಷ ಆಗದವರ ಹೆಸರು ಅಥವಾ ಚಿತ್ರವನ್ನು ಹೋಲುವ ಮಾರ್ಕು ನೋಂದಾಯಿಸಲು ಬಂದರೆ, ಅವರ ವಾರಸುದಾರರ ಲಿಖಿತ ಒಪ್ಪಿಗೆ ತನ್ನಿ ಎಂದು ರಿಜಿಸ್ಟ್ರಾರ್ ಕೇಳಬಹುದು. ಪುನೀತ್ ರಾಜ್‌ಕುಮಾರ್ ವಿಷಯದಲ್ಲಿ ಈ ಬೇಲಿ 2041ರ ತನಕ ಇರುತ್ತದೆ. ಗಾಂಧೀಜಿ, ನೆಹರು, ಶಿವಾಜಿ, ಇಂದಿರಾ ಗಾಂಧಿ, ಹಾಲಿ ಪ್ರಧಾನಿ ಇವರ ಹೆಸರು, ಚಿತ್ರಕ್ಕೆ 1950ರ ಪ್ರತ್ಯೇಕ ಕಾಯ್ದೆಯೇ ಇದೆ. ಅದರಲ್ಲೊಂದು ಸ್ವಾರಸ್ಯ: ಕ್ಯಾಲೆಂಡರಿಗೆ ರಿಯಾಯಿತಿ ಉಂಟು, ಆದರೆ ಅದರ ಮೇಲೆ ತಯಾರಕರ ಮತ್ತು ಮುದ್ರಕರ ಹೆಸರು ಮಾತ್ರ ಇರಬೇಕು, ಸರಕಿನ ಜಾಹೀರಾತು ಇರಬಾರದು. ಗಾಂಧೀಜಿ ಚಿತ್ರದ ಕೆಳಗೆ ಜವಳಿ ಅಂಗಡಿಯ ವಿಳಾಸವಿರುವ ಕ್ಯಾಲೆಂಡರು ಗೋಡೆಗೆ ನೇತುಹಾಕಿಕೊಂಡವರು ನಾವೆಲ್ಲ.

ಈ ತೀರ್ಪುಗಳಲ್ಲಿ ಬಹುಪಾಲು ದೆಹಲಿಯವೇ ಏಕೆ? ದೆಹಲಿ, ಬಾಂಬೆ, ಮದ್ರಾಸ್, ಕಲ್ಕತ್ತಾ ಹೈಕೋರ್ಟುಗಳಿಗೆ ಸಿವಿಲ್ ದಾವೆಗಳನ್ನು ನೇರವಾಗಿ ತೆಗೆದುಕೊಳ್ಳುವ ಅಧಿಕಾರವಿದೆ. ದೆಹಲಿಯಲ್ಲಿ ದಾವೆಯ ಮೌಲ್ಯ 2 ಕೋಟಿ ರೂಪಾಯಿ ಮೀರಿರಬೇಕು. ಕರ್ನಾಟಕ ಹೈಕೋರ್ಟಿಗೆ ಸಾಮಾನ್ಯ ದಾವೆಗಳಲ್ಲಿ ಆ ಅಧಿಕಾರ ಇಲ್ಲ. ಬೆಂಗಳೂರಿನವರು ಸಿಟಿ ಸಿವಿಲ್ ಕೋರ್ಟಿಗೆ, ಜಿಲ್ಲೆಯವರು ಅಲ್ಲಿನ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಅದರಲ್ಲಿ ಕೀಳರಿಮೆ ಪಡುವಂಥದ್ದೇನೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಕೆಳಗೆ ತಾತ್ಕಾಲಿಕ ತಡೆಯಾಜ್ಞೆ ಕೊಡುವ ಅಧಿಕಾರ ಅಲ್ಲಿಯೂ ಅಷ್ಟೇ ಇದೆ. ಹಕ್ಕುಸ್ವಾಮ್ಯವೂ ಸೇರಿದ್ದರೆ ನೀವು ವಾಸಿಸುವ ಊರಿನಲ್ಲೇ ದಾವೆ ಹೂಡಬಹುದು, ಎದುರುಗಾರ ಎಲ್ಲಿಯವನೇ ಆಗಿರಲಿ.

ಎದುರುಗಾರ ಯಾರೆಂದೇ ಗೊತ್ತಿಲ್ಲದಿದ್ದರೂ ದಾವೆ ನಿಲ್ಲುತ್ತದೆ. ಅಂಥ ಪ್ರತಿವಾದಿಯನ್ನು ಅಮೆರಿಕದ ಕಡತಗಳು ಜಾನ್ ಡೋ ಎನ್ನುತ್ತವೆ, ನಮ್ಮವು ಅಶೋಕ್ ಕುಮಾರ್ ಎನ್ನುತ್ತವೆ. ಕೌನ್ ಬನೇಗಾ ಕರೋಡ್‌ಪತಿ ಹೆಸರಿನ ವಾಟ್ಸ್‌ಆ್ಯಪ್ ಲಾಟರಿ ಮೋಸದಲ್ಲಿ ತಮ್ಮ ಚಿತ್ರ, ದನಿ ಬಳಕೆಯಾಗುತ್ತಿದೆ ಎಂದು ಅಮಿತಾಭ್ ಬಚ್ಚನ್ 2022ರ ನವೆಂಬರಿನಲ್ಲಿ ಪಡೆದದ್ದು ಇಂಥದೇ ಆದೇಶ. ಮರುವರ್ಷ ಅನಿಲ್ ಕಪೂರ್ ಪ್ರಕರಣದಲ್ಲಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರ, ರಿಂಗ್‌ಟೋನು, ‘ಝಕಾಸ್’ ಎಂಬ ಉದ್ಗಾರ ಎಲ್ಲವೂ ತಡೆಯೊಳಗೆ ಬಂದವು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಪರವಾಗಿ ಬಾಂಬೆ ಹೈಕೋರ್ಟ್, ಒಬ್ಬರ ದನಿಯನ್ನು ನಕಲು ಮಾಡುವ ತಂತ್ರಾಂಶವನ್ನು ಒದಗಿಸುವುದೇ ತಪ್ಪು ಎಂಬಲ್ಲಿಗೆ ಹೋಯಿತು.

ನಮ್ಮವರೂ ಈ ಕಾಟದಿಂದ ಹೊರತಲ್ಲ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ತಮ್ಮ ಹೆಸರು, ಮುಖ ಬಳಸಿದ ನಕಲಿ ವಿಡಿಯೊಗಳ ವಿರುದ್ಧ 2024ರಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ತಂದರು. ಇನ್ಫೊಸಿಸ್‌ನ ನಾರಾಯಣ ಮೂರ್ತಿ, ಷೇರು ವ್ಯವಹಾರದ ಆ್ಯಪ್‌ಗಳನ್ನು ತಾವು ಶಿಫಾರಸು ಮಾಡುವಂತೆ ತೋರಿಸುವ ವಿಡಿಯೊಗಳು ಸುಳ್ಳು ಎಂದು 2023ರ ಡಿಸೆಂಬರಿನಲ್ಲಿ ಸ್ವತಃ ಎಚ್ಚರಿಸಬೇಕಾಯಿತು. ಇಂಥ ಕಡೆ ಕದ್ದಿರುವುದು ಮುಖವೊಂದನ್ನೇ ಅಲ್ಲ, ಆ ಮುಖದ ಮೇಲೆ ಜನ ಇಟ್ಟಿರುವ ನಂಬಿಕೆಯನ್ನು. ಆದ್ದರಿಂದ ಇದು ಸಿವಿಲ್ ವ್ಯಾಜ್ಯವಷ್ಟೇ ಅಲ್ಲ, ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮು, ಕಂಪ್ಯೂಟರ್ ಬಳಸಿ ಇನ್ನೊಬ್ಬರ ವೇಷದಲ್ಲಿ ವಂಚಿಸಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ.

ಇಷ್ಟೆಲ್ಲ ಹೆಸರಾಂತವರ ಕಥೆ. ಹೆಸರಿಲ್ಲದವರ ಕಥೆಯೊಂದು 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂತು. ಮಹಾರಾಷ್ಟ್ರದ ಹಳ್ಳಿಯ ಮಹಿಳೆಯೊಬ್ಬರ ಚಿತ್ರವನ್ನು ಪರಿಚಿತ ಫೋಟೊಗ್ರಾಫರ್ ಒಬ್ಬರು ತೆಗೆದು, ಅವರನ್ನು ಕೇಳದೆ, ಚಿತ್ರಗಳನ್ನು ಮಾರುವ ಅಮೆರಿಕದ ಜಾಲತಾಣವೊಂದಕ್ಕೆ ಏರಿಸಿದ್ದರು. ಅಲ್ಲಿಂದ ಆ ಮುಖ ಸರ್ಕಾರಿ ಯೋಜನೆಗಳ ಜಾಹೀರಾತಿಗೆ ಇಳಿಯಿತು. ಹಾಗೆ ಬಳಸಿದವರೆಂದು ಅರ್ಜಿಯಲ್ಲಿ ಹೆಸರಿಸಿದ ರಾಜ್ಯ ಸರ್ಕಾರಗಳ ಪೈಕಿ ಕರ್ನಾಟಕವೂ ಒಂದು. ಇದು ಮಹಿಳೆಯ ಚಿತ್ರದ ವಾಣಿಜ್ಯ ಶೋಷಣೆಯಂತೆ ಕಾಣುತ್ತದೆ ಎಂದ ಪೀಠ ಎಲ್ಲರಿಂದ ಉತ್ತರ ಕೇಳಿತು. ಸರ್ಕಾರದ ಪ್ರಚಾರ ವಿಭಾಗಕ್ಕೆ ಕೆಲಸ ಮಾಡುವ ಏಜೆನ್ಸಿಗಳು ‘ಭಾರತೀಯ ಗ್ರಾಮೀಣ ಮಹಿಳೆ’ ಎಂದು ಹುಡುಕಿ, ಲೈಸೆನ್ಸ್ ಶುಲ್ಕ ಕಟ್ಟಿ ಚಿತ್ರ ತೆಗೆದುಕೊಳ್ಳುತ್ತವೆ. ಆ ಶುಲ್ಕ ಹೋಗುವುದು ಚಿತ್ರದ ಹಕ್ಕುಸ್ವಾಮ್ಯಕ್ಕೆ. ಚಿತ್ರದಲ್ಲಿರುವವರ ಸಹಿ ಇದೆಯೇ ಎಂದು ನೋಡಬೇಕಾದ್ದು ಬೇರೆಯೇ ಕೆಲಸ, ಮತ್ತು ಅದನ್ನು ನೋಡುವವರು ಕಡಿಮೆ.

ಮೊದಲು ಹೇಳಿದ ರ್‍ಯಾಂಕಿನ ಫ್ಲೆಕ್ಸಿಗೆ ಈಗ ಸಾಕಷ್ಟು ಸ್ಪಷ್ಟ ಉತ್ತರ ಸಿಕ್ಕಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ತರಬೇತಿ ಕ್ಷೇತ್ರದ ಜಾಹೀರಾತಿಗೆಂದೇ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಯ ಹೆಸರು, ಫೋಟೊ, ಹೇಳಿಕೆ ಬಳಸಲು ಲಿಖಿತ ಒಪ್ಪಿಗೆ ಬೇಕು. ಅದನ್ನು ಫಲಿತಾಂಶ ಬಂದ ನಂತರವೇ ಪಡೆಯಬೇಕು. ಎರಡನೆಯ ಮಾತು ಬರೆದವರಿಗೆ ಈ ದಂಧೆಯ ಒಳಹೊರಗು ಚೆನ್ನಾಗಿ ಗೊತ್ತಿದ್ದಿರಬೇಕು. ಪ್ರವೇಶದ ದಿನ ಫೀಸು ಕಟ್ಟುವ ಕೌಂಟರಿನಲ್ಲಿ ಹತ್ತು ಕಾಗದಕ್ಕೆ ಸಹಿ ಹಾಕಿಸುವಾಗ ಹನ್ನೊಂದನೆಯದಾಗಿ ಸೇರಿಸುವ ಒಪ್ಪಿಗೆ ಇನ್ನು ನಡೆಯುವುದಿಲ್ಲ. ವಿದ್ಯಾರ್ಥಿ ಯಾವ ಕೋರ್ಸು ತೆಗೆದುಕೊಂಡಿದ್ದ, ಎಷ್ಟು ಕಾಲದ್ದು, ದುಡ್ಡು ಕಟ್ಟಿದ್ದನೋ ಉಚಿತವೋ ಎಂಬುದನ್ನೂ ಫೋಟೊದ ಜೊತೆಯಲ್ಲೇ ಹಾಕಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಐಎಎಸ್ ತರಬೇತಿಯ ದೊಡ್ಡ ಸಂಸ್ಥೆಗಳ ಮೇಲೆ ದಂಡ ಬಿದ್ದೂ ಇದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನೃತ್ಯ, ನಾಟಕ, ಕ್ರೀಡಾ ತರಗತಿಗಳು ಮಾತ್ರ ಈ ಮಾರ್ಗಸೂಚಿಯೊಳಗೆ ಬರುವುದಿಲ್ಲ. ಭರತನಾಟ್ಯ ಶಾಲೆಯ ಫ್ಲೆಕ್ಸಿಗೆ ಹಳೆಯ ದಾರಿಯೇ ಗತಿ.

ಆ ಹಳೆಯ ದಾರಿಯಲ್ಲಿ ಮೊದಲ ಹೆಜ್ಜೆ ಜಗಳವಲ್ಲ, ಸಾಕ್ಷಿ. ಫೋನು ಮಾಡಿ ಕೂಗಾಡಿದರೆ ಹತ್ತು ನಿಮಿಷದಲ್ಲಿ ಪೋಸ್ಟು ಅಳಿಸಿಹೋಗಿ, ‘ನಾವು ಹಾಕಿಯೇ ಇಲ್ಲ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ಮೊದಲು ಪೂರ್ತಿ ವಿಳಾಸ, ದಿನಾಂಕ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ; ವಿಡಿಯೊ ಆದರೆ ಇಳಿಸಿಕೊಳ್ಳಿ; ಫ್ಲೆಕ್ಸ್ ಆದರೆ ಅಕ್ಕಪಕ್ಕದ ಅಂಗಡಿ ಬೋರ್ಡು ಕಾಣುವ ಹಾಗೆ ಫೋಟೊ ತೆಗೆಯಿರಿ. ಫ್ಲೆಕ್ಸಿನ ಮೂಲೆಯಲ್ಲಿ ಪ್ರಿಂಟರಿನ ಹೆಸರು ಇದ್ದರೆ ಅದನ್ನೂ. ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ, ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಪ್ರತಿ ಕುಗ್ಗಿಹೋಗಿರುತ್ತದೆ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಅದರ ಒಂದು ಭಾಗವನ್ನು ನೀವು, ಇನ್ನೊಂದನ್ನು ತಜ್ಞರು ತುಂಬುತ್ತಾರೆ, ಫೈಲಿನ ಹ್ಯಾಶ್ ಮೌಲ್ಯ ಬರೆಯುತ್ತಾರೆ. ಫೈಲು ಆಮೇಲೆ ಒಂದಕ್ಷರ ಬದಲಾದರೂ ಆ ಅಂಕಿ ಬೇರೆಯಾಗುತ್ತದೆ.

ನಂತರ ಬರವಣಿಗೆಯಲ್ಲಿ ಕೇಳಿ. ಎಷ್ಟೋ ಪ್ರಕರಣಗಳು ಇಲ್ಲೇ ಮುಗಿಯುತ್ತವೆ, ಏಕೆಂದರೆ ಹೆಚ್ಚಿನ ಅಂಗಡಿಯವರಿಗೆ ಇದು ತಪ್ಪು ಎಂದೇ ಗೊತ್ತಿರುವುದಿಲ್ಲ. ಕೇಳದಿದ್ದರೆ ವಕೀಲರ ನೋಟಿಸು: ಬಳಕೆ ನಿಲ್ಲಿಸಿ, ಎಲ್ಲೆಲ್ಲಿ ಬಳಸಿದ್ದೀರಿ ತಿಳಿಸಿ, ಉಳಿದ ಪ್ರತಿ ನಾಶ ಮಾಡಿ, ಇಷ್ಟು ಪರಿಹಾರ ಕೊಡಿ. ಜಾಲತಾಣದಲ್ಲಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. ನಿಮ್ಮ ವೇಷ ಹಾಕಿದ ಅಥವಾ ತಿರುಚಿದ ಚಿತ್ರವಾದರೆ, 2021ರಲ್ಲಿ ನಿಯಮ ಬಂದಾಗ ತೆಗೆದುಹಾಕಲು ಕೊಟ್ಟ ಗಡುವು 24 ಗಂಟೆ. ಅಲ್ಲಿ ಉತ್ತರ ಸರಿಬರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನಿನಲ್ಲೇ ಮನವಿ ಹಾಕಬಹುದು, ವಕೀಲರು ಬೇಕಿಲ್ಲ. ಜಾಹೀರಾತು ಗುಣಮಟ್ಟ ಮಂಡಳಿಯ ಸಂಹಿತೆಯೂ ಒಬ್ಬರ ಅನುಮತಿಯಿಲ್ಲದೆ ಅವರನ್ನು ಬಳಸಿ ಸರಕಿಗೆ ಅನುಚಿತ ಲಾಭ ಮಾಡಿಕೊಳ್ಳುವುದನ್ನು ನಿಷೇಧಿಸುತ್ತದೆ. ಅದು ಉದ್ಯಮದ ಸ್ವಂತ ಸಂಸ್ಥೆ, ಕೋರ್ಟಲ್ಲ, ಆದರೂ ದೊಡ್ಡ ಬ್ರ್ಯಾಂಡುಗಳು ಅದರ ಮಾತಿಗೆ ಬೆಲೆ ಕೊಡುತ್ತವೆ. ದುಡ್ಡಿನ ಮೋಸಕ್ಕೆ ನಿಮ್ಮ ಮುಖ ಬಳಕೆಯಾಗಿದ್ದರೆ ಇದಾವುದಕ್ಕೂ ಕಾಯದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೋರ್ಟಿಗೆ ಹೋಗುವುದಾದರೆ ತಡಮಾಡಬೇಡಿ. ತುರ್ತು ತಡೆಯಾಜ್ಞೆ ಕೇಳುವವರು ಆರು ತಿಂಗಳು ಸುಮ್ಮನಿದ್ದರೆ, ಇಷ್ಟು ದಿನ ಇಲ್ಲದ ತುರ್ತು ಈಗ ಎಲ್ಲಿಂದ ಬಂತು ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ.

ಕೊನೆಯದಾಗಿ ಎರಡೂ ಕಡೆಯವರಿಗೆ ಬೇಕಾದ ಒಪ್ಪಿಗೆ ಪತ್ರದ ವಿಷಯ. ಅಂಗಡಿ, ಕ್ಲಿನಿಕ್ಕು, ಸ್ಟುಡಿಯೋ ನಡೆಸುವವರೇ, ‘ಫೋಟೊ ಹಾಕಬಹುದಾ?’ ‘ಹೂಂ’ ಎಂಬ ವಾಟ್ಸ್‌ಆ್ಯಪ್ ಮಾತುಕತೆ ಏನೂ ಇಲ್ಲದಿರುವುದಕ್ಕಿಂತ ವಾಸಿ, ಆದರೆ ಸಾಲದು. ಯಾವ ಚಿತ್ರ, ಯಾವುದಕ್ಕೆ, ಎಲ್ಲಿ, ಎಷ್ಟು ಕಾಲ ಎಂದು ಬರೆದು ಸಹಿ ಪಡೆಯಿರಿ. ದುಡ್ಡೋ ರಿಯಾಯಿತಿಯೋ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಚಿತ್ರವನ್ನು ಬೇರೆಯವರಿಗೆ ಮಾರುವುದಾಗಲಿ, ಕಂಪ್ಯೂಟರಿನಲ್ಲಿ ತಿದ್ದಿ ಹೊಸ ಚಿತ್ರ, ದನಿ ತಯಾರಿಸುವುದಾಗಲಿ ಬೇರೆಯಾಗಿ ಹೆಸರಿಸದೆ ಒಪ್ಪಿಗೆಯೊಳಗೆ ಬರುತ್ತದೆಂದು ಅಂದುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಅವಕಾಶವಿದೆ. ಅದರಡಿ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಫೋಟೊದಲ್ಲಿರುವವರಿಗೆ ಇರುತ್ತದೆ. ಅವರೇ ಎಲ್ಲರಿಗೂ ಕಾಣುವಂತೆ ಹಾಕಿಕೊಂಡ ಚಿತ್ರಕ್ಕೆ ಮಾತ್ರ ಆ ಕಾಯ್ದೆಯ ರಕ್ಷಣೆ ಇಲ್ಲ. ಖಾಸಗಿತನದ ಹಳೆಯ ಹಕ್ಕು ಆಗಲೂ ಉಳಿದಿರುತ್ತದೆ.

ಮಕ್ಕಳ ಪರವಾಗಿ ಸಹಿ ಹಾಕುವವರು ತಂದೆ ತಾಯಿ. ಶಾಲೆಯ ಪ್ರವೇಶದ ಅರ್ಜಿಯಲ್ಲಿ, ಸಮವಸ್ತ್ರದ ಅಳತೆಗೂ ವ್ಯಾನಿನ ಮಾರ್ಗಕ್ಕೂ ನಡುವೆ ಎಲ್ಲೋ, ವಿದ್ಯಾರ್ಥಿಯ ಚಿತ್ರವನ್ನು ಪ್ರಚಾರಕ್ಕೆ ಬಳಸಲು ಸಮ್ಮತಿಯಿದೆ ಎಂಬ ಸಾಲು ಅಚ್ಚಾಗಿರಬಹುದು. ಬೇಡವೆನಿಸಿದರೆ ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಸಹಿ ಮತ್ತು ತಾರೀಕು ಹಾಕಿ, ಕೊಡುವ ಮೊದಲು ಆ ಪುಟದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.